‘ಮೆಮೊರಿ ಫುಲ್’ ಅಂದರೆ ತುಂಬಿದ್ದು ಯಾವುದು?

ಎಲ್ಲರಿಗೂ ನಮಸ್ಕಾರ.

‘ಮೆಮೊರಿ’ ಅನ್ನುವ ಮಾತಿನ ಬಗ್ಗೆ ಕೇಳಬೇಕಿತ್ತು. ನಮ್ಮ ಆಡುಮಾತಿನಲ್ಲಿ ಈ ಒಂದು ಪದ ಎರಡು ಬೇರೆ ಬೇರೆ ವಸ್ತುಗಳಿಗೆ ಹೆಸರಾಗಿ ಕೂತಿದೆ. ಅದರಿಂದಾಗಿ ನನ್ನ ಹನ್ನೆರಡು ದಿನ ಹಾಳಾಯಿತು. ಎರಡಕ್ಕೂ ಬೇರೆ ಬೇರೆ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಯುವ ಆಸೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಪ್ಪ ಬರೆದಿಟ್ಟ ಅಡಿಕೆ ಲೆಕ್ಕದ ಪುಸ್ತಕಗಳು ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಪೂರ್ತಿ ಹಾಳಾಗುವ ಮೊದಲು ಸ್ಕ್ಯಾನ್ ಮಾಡಿ ಇಡುತ್ತಿದ್ದೇನೆ. ಲ್ಯಾಪ್‌ಟಾಪ್ ಹಳೆಯದು, ನಾಲ್ಕು ಪುಟ ಒಟ್ಟಿಗೆ ತೆರೆದರೆ ಏದುಸಿರು ಬಿಡುತ್ತಿತ್ತು. ಶಿವಮೊಗ್ಗಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ತೋರಿಸಿದೆ. 4 ಜಿಬಿ ರ‍್ಯಾಮ್ ಇತ್ತು. ಖಾಲಿ ಇದ್ದ ಜಾಗಕ್ಕೆ ಇನ್ನೊಂದು 8 ಜಿಬಿ ಹಾಕಿದರು. ‘ಮೆಮೊರಿ ಮೂರು ಪಟ್ಟಾಯ್ತು ಸಾರ್, ಇನ್ನು ತೊಂದರೆ ಇಲ್ಲ’ ಅಂದ ಹುಡುಗ.

ಎರಡು ದಿನ ಚೆನ್ನಾಗಿಯೇ ಇತ್ತು. ಮೂರನೇ ದಿನದಿಂದ ಮೊದಲಿಗಿಂತ ಕಷ್ಟ. ಒಂದು ಪುಟ ಉಳಿಸಲು ಒತ್ತಿದರೆ ಪರದೆ ಹಾಗೇ ಬೆಳ್ಳಗೆ ನಿಲ್ಲುತ್ತಿತ್ತು. ಮೂಲೆಯಲ್ಲಿ ಜಾಗ ಕಡಿಮೆ ಇದೆ ಅಂತ ಒಂದು ಚೀಟಿ ಬಂದು ಬಂದು ಹೋಗುತ್ತಿತ್ತು. ಅಂಗಡಿಗೆ ಫೋನ್ ಮಾಡಿ, ‘ಮೆಮೊರಿ ಫುಲ್ ಅಂತ ತೋರಿಸ್ತಾ ಇದೆ’ ಅಂದೆ. ಮೊಬೈಲಿನಲ್ಲಿ ಫೋಟೋ ತುಂಬಿದಾಗ ನಾವೆಲ್ಲ ಹಾಗೇ ಅನ್ನೋದು, ಅಲ್ವಾ? ‘ಸಾಧ್ಯಾನೇ ಇಲ್ಲ ಸಾರ್, ಈಗ ತಾನೇ 12 ಜಿಬಿ ಮೆಮೊರಿ ಮಾಡಿದೀನಿ. ವೈರಸ್ ಇರ್ಬೇಕು, ಸ್ಕ್ಯಾನ್ ಮಾಡಿ’ ಅಂದ. ಅವನು ಹೇಳಿದ್ದು ತೆರೆದ ಕೆಲಸವನ್ನು ಸದ್ಯಕ್ಕೆ ಹಿಡಿದಿಡುವ ರ‍್ಯಾಮ್. ನಾನು ಹೇಳಿದ್ದು ಫೈಲುಗಳನ್ನು ಇಡುವ ಡಿಸ್ಕು. ಇಬ್ಬರೂ ನಮ್ಮ ನಮ್ಮ ಲೆಕ್ಕಕ್ಕೆ ಸರಿಯಾಗಿಯೇ ಹೇಳಿದ್ದೆವು. ಆದರೆ ಪದ ಒಂದೇ ಆದ್ದರಿಂದ ತಪ್ಪು ತಿಳಿದಿದ್ದೇವೆ ಅಂತಲೇ ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಒಂದು ವಾರ ಇಲ್ಲದ ವೈರಸ್ ಹುಡುಕಿದೆ.

ಕೊನೆಗೆ ತೀರ್ಥಹಳ್ಳಿ ಪೇಟೆಯಲ್ಲಿ ರಿಪೇರಿ ಮಾಡುವ ಹುಡುಗನ ಹತ್ತಿರ ಒಯ್ದೆ. ಅವನು ಲ್ಯಾಪ್‌ಟಾಪ್ ಮುಟ್ಟುವ ಮೊದಲು ಕೇಳಿದ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ‘ಸ್ಲೋ ಅಂದ್ರೆ ಹೆಂಗೆ ಸ್ಲೋ ಅಣ್ಣಾ? ಒಂದೇ ಸಮ ಎಳೆಯಲ್ವಾ, ತಡೆತಡೆದು ಹೋಗುತ್ತಾ, ಇಲ್ಲಾ ಹಿಡ್ಕೊಂಡೇ ಬಿಡುತ್ತಾ?’

ಮೂರೂ ನಮ್ಮ ಮಾತೇ. ಲೋಡ್ ಹಾಕಿದ ಜೀಪು ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ‘ಎಳೀತಿಲ್ಲ’ ಅನ್ನುತ್ತೇವೆ. ಪೈಪಿನಲ್ಲಿ ಗಾಳಿ ಸೇರಿದರೆ ತೋಟದ ನೀರು ‘ತಡೆತಡೆದು’ ಬರುತ್ತದೆ. ಬೋಲ್ಟು ತುಕ್ಕು ತಿಂದರೆ ‘ಹಿಡ್ಕೊಂಡಿದೆ’. ಅವನ ಪ್ರಕಾರ ಯಾವಾಗಲೂ ಒಂದೇ ಸಮ ಎಳೆಯದಿದ್ದರೆ ಮೊದಲು ಬಿಸಿ ಆಗುತ್ತಿದೆಯಾ ನೋಡಬೇಕು. ಹಿಡಿದುಕೊಂಡು ಪೂರ್ತಿ ನಿಂತೇ ಹೋದರೆ, ನೀಲಿ ಪರದೆ ಬಂದರೆ ಹೊಸ ರ‍್ಯಾಮಿನ ಮೇಲೆ ಅನುಮಾನ. ತಡೆತಡೆದು ಹೋದರೆ ಡಿಸ್ಕು ನೋಡಬೇಕು. ‘ಸ್ಲೋ’ ಅನ್ನುವ ಒಂದೇ ಮಾತಿನಲ್ಲಿ ಈ ಮೂರೂ ಕರಗಿ ಹೋಗಿದ್ದವು. ‘ಪುಟ ಉಳಿಸುವಾಗ ಮಾತ್ರ ತಡೀತದೆ ಮಾರಾಯಾ’ ಅಂದೆ. ಅವನಿಗೆ ಅರ್ಧ ಅಲ್ಲೇ ಗೊತ್ತಾದ ಹಾಗೆ ಕಾಣಿಸಿತು.

ಆದರೂ ಒಂದೊಂದಾಗಿ ನೋಡಿದ. ತಳದ ಮುಚ್ಚಳ ಬಿಚ್ಚಿ ರ‍್ಯಾಮ್ ಪಟ್ಟಿ ತೆಗೆದ. ಬೆರಳುದ್ದದ ಹಸಿರು ಪಟ್ಟಿ. ಒಂದು ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಸಣ್ಣ ಹಲ್ಲುಗಳು. ಅವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದ, ಪುಡಿಯನ್ನು ಬ್ರಷ್‌ನಲ್ಲಿ ಕೊಡವಿದ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ನಮ್ಮದೂ ಅದೇ ಸೀಮೆ. ಥಂಡಿಗೆ ಆ ಹಲ್ಲುಗಳು ಮಂಕಾದರೆ ಸಂಪರ್ಕ ಸರಿಯಾಗಿ ಸಿಗುವುದಿಲ್ಲವಂತೆ. ಓರೆಯಾಗಿ ಇಟ್ಟು ಒತ್ತಿದ, ಟಕ್ ಅಂತ ಕೂತಿತು. ಹಳೆಯದರ ವೇಗ 2400, ಹೊಸದು 2666. ಎರಡೂ ಕಡಿಮೆ ವೇಗಕ್ಕೆ ಹೊಂದಿಕೊಂಡು 2400ರಲ್ಲೇ ಓಡುತ್ತವೆ, ಅದರಿಂದ ಹೀಗೆ ಆಗಲ್ಲ ಅಂದ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆ ಹಾಕಿದ, ತಪ್ಪು ಸಿಗಲಿಲ್ಲ. ಆಮೇಲೆ ಸಿ ಡ್ರೈವ್ ತೆರೆದು ತೋರಿಸಿದ. ಕೆಂಪು ಗೆರೆ. ಒಂದು ಜಿಬಿಯೂ ಖಾಲಿ ಇರಲಿಲ್ಲ.

‘ನಿಮ್ಮನೆ ಜಗಲಿ ದೊಡ್ಡದು ಮಾಡಿದ್ರಿ ಅಣ್ಣಾ, ಉಗ್ರಾಣ ಅಷ್ಟೇ ಇದೆ’ ಅಂದ.

ಈ ಮಾತು ಕೇಳಿದ ಮೇಲೆ ನನಗೆ ಎಲ್ಲ ತಿಳಿಯಿತು. ಸುಗ್ಗಿಯಲ್ಲಿ ಅಡಿಕೆ ಕೊನೆ ಕೊಯ್ದು ತಂದರೆ ಜಗಲಿಯಲ್ಲಿ ಹರಡಿ, ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂರುತ್ತೇವೆ. ಕೆಲಸ ಆಗುವುದು ಅಲ್ಲಿ, ಕೈಗೆ ಸಿಗುವ ಹಾಗೆ. ಅದು ರ‍್ಯಾಮ್. ಒಣಗಿಸಿ ಮೂಟೆ ಕಟ್ಟಿದ್ದು ಒಳಗೆ ಉಗ್ರಾಣಕ್ಕೆ ಹೋಗುತ್ತದೆ. ಅದು ಡಿಸ್ಕು. ಜಗಲಿ ಚಿಕ್ಕದಾದರೆ ಹರಡಿದ್ದನ್ನು ಒಳಗೆ ಸಾಗಿಸಿ, ಬೇಕಾದಾಗ ಮತ್ತೆ ಹೊರಗೆ ತರಬೇಕು. ಓಡಾಟದಲ್ಲೇ ಹೊತ್ತು ಹೋಗುತ್ತದೆ. ರ‍್ಯಾಮ್ ಸಾಲದಿದ್ದಾಗ ಆಗುವುದು ಇದೇ.

ಹಾಗಾದರೆ ಜಗಲಿ ದೊಡ್ಡದಾದ ಮೇಲೂ ಯಾಕೆ ತಡೆಯಿತು? ವಿಂಡೋಸ್ 10 ಮಲಗುವ ಮುಂಚೆ ಜಗಲಿ ಮೇಲೆ ಹರಡಿದ್ದನ್ನು ಡಿಸ್ಕಿಗೆ ಬರೆದಿಡುತ್ತದೆ, ಹೈಬರ್ನೇಟ್ ಅನ್ನುತ್ತಾರಲ್ಲ, ಅದು. ಇದಕ್ಕೆಂದು ಡಿಸ್ಕಿನಲ್ಲಿ ಮೊದಲೇ ಜಾಗ ಹಿಡಿದಿಡುತ್ತದೆ. ಸಾಮಾನ್ಯವಾಗಿ ರ‍್ಯಾಮಿನ ಶೇಕಡಾ 40ರಷ್ಟು. 4 ಜಿಬಿ ಇದ್ದಾಗ 1.6 ಜಿಬಿ ಸಾಕಿತ್ತು. 12 ಆದ ಮೇಲೆ 4.8 ಬೇಕಾಯಿತು. ನನ್ನ ಡಿಸ್ಕು 120 ಜಿಬಿಯ, ತಿರುಗುವ ಭಾಗಗಳಿಲ್ಲದ ಸಣ್ಣ ಎಸ್‌ಎಸ್‌ಡಿ, ಸ್ಕ್ಯಾನ್ ಪುಟಗಳಿಂದ ಮೊದಲೇ ತುಂಬುತ್ತಾ ಬಂದಿತ್ತು. ಉಳಿದಿದ್ದ ಜಾಗದಲ್ಲಿ ಮೂರು ಜಿಬಿ ಹೀಗೆ ಹೋಯಿತು, ಎರಡು ದಿನದ ಹೊಸ ಪುಟಗಳು ಉಳಿದದ್ದನ್ನೂ ತಿಂದವು. ಎಸ್‌ಎಸ್‌ಡಿ ತುಂಬುತ್ತಾ ಬಂದ ಹಾಗೆ ಬರೆಯುವ ವೇಗವೂ ಬೀಳುತ್ತದೆ. ಹುಡುಗ ಹೈಬರ್ನೇಟ್ ನಿಲ್ಲಿಸಿದ, ಪುಟಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದ. ಅರ್ಧ ಗಂಟೆಯ ಕೆಲಸ. ಈಗ ಇಪ್ಪತ್ತು ಪುಟ ತೆರೆದರೂ ತಡೆಯುತ್ತಿಲ್ಲ.

ಇನ್ನು ಪದಕ್ಕೆ ಬರುತ್ತೇನೆ. ಪುಸ್ತಕದ ಕನ್ನಡದಲ್ಲಿ ರ‍್ಯಾಮಿಗೆ ‘ಸ್ಮೃತಿ’, ‘ಸ್ಮರಣೆ’, ‘ನೆನಪು’ ಅಂತೆಲ್ಲ ಬರೆಯುವುದನ್ನು ನೋಡಿದ್ದೇನೆ. ನನಗೆ ಒಗ್ಗುತ್ತಿಲ್ಲ. ನೆನಪು ಅಂದರೆ ಉಳಿಯುವಂಥದ್ದು. ರ‍್ಯಾಮ್ ಕರೆಂಟ್ ಹೋದ ಕೂಡಲೇ ಎಲ್ಲ ಮರೆಯುತ್ತದೆ. ಉಳಿಯುವುದು ಡಿಸ್ಕಿನಲ್ಲಿ ಇಟ್ಟದ್ದು. ಅಂದರೆ ‘ನೆನಪು’ ಯಾವುದಕ್ಕೆ ಒಪ್ಪುವುದಿಲ್ಲವೋ ಅದಕ್ಕೇ ಅಂಟಿಸಿದ ಹಾಗಾಯಿತು. ಮಲೆನಾಡಿನಲ್ಲಿ ಕೂತು ಬರೆಯುವಾಗ ಇನ್ನೊಂದು ತೊಡಕೂ ಇದೆ. ‘ನೆನೆ’ ಅಂದರೆ ನಮಗೆ ಮೊದಲು ಹೊಳೆಯುವುದು ಮಳೆಯಲ್ಲಿ ತೋಯುವುದು.

ಈ ಹೆಸರು ಇಂಗ್ಲಿಷಿನಲ್ಲೂ ಮೊದಲಿನಿಂದ ಇದ್ದದ್ದಲ್ಲ. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಅನಲಿಟಿಕಲ್ ಎಂಜಿನ್ ಅನ್ನುವ ಲೆಕ್ಕದ ಯಂತ್ರಕ್ಕೆ ನಕ್ಷೆ ಹಾಕಿದಾಗ ಲೆಕ್ಕ ಮಾಡುವ ಭಾಗಕ್ಕೆ ‘ಮಿಲ್’, ಅಂಕಿ ಇಡುವ ಭಾಗಕ್ಕೆ ‘ಸ್ಟೋರ್’ ಅಂದ. ಬಟ್ಟೆ ಗಿರಣಿಯವರ ಮಾತು ಅದು. ಗಿರಣಿ ಮತ್ತು ಉಗ್ರಾಣ! 1945ರಲ್ಲಿ ಗಣಿತಜ್ಞ ಜಾನ್ ವಾನ್ ನ್ಯೂಮನ್ ಎಡ್ವ್ಯಾಕ್ ಅನ್ನುವ ಕಂಪ್ಯೂಟರಿನ ಬಗ್ಗೆ ಬರೆದ ವರದಿ ಯಂತ್ರವನ್ನು ಮನುಷ್ಯನ ನರಗಳಿಗೆ ಹೋಲಿಸಿ ಅದೇ ಭಾಗವನ್ನು ‘ಮೆಮೊರಿ’ ಅಂತ ಕರೆಯಿತು. ಆಮೇಲೂ ಎಷ್ಟೋ ಕಾಲ ಬ್ರಿಟನ್ನಿನವರು ‘ಸ್ಟೋರ್’ ಅನ್ನುತ್ತಿದ್ದರು. ಅವರು ತಮ್ಮ ಊರಿನ ಗಿರಣಿಯಿಂದ ಪದ ತಂದ ಮೇಲೆ ನಾವು ನಮ್ಮ ಅಡಿಕೆ ಮನೆಯಿಂದ ತಂದರೆ ಏನೂ ತಪ್ಪಿಲ್ಲ ಅಂತ ನನ್ನ ಎಣಿಕೆ. ‘ಉಗ್ರಾಣಕ್ಕೆ ಜಮೆ’ ಅಂತ ಅಪ್ಪನ ಪುಸ್ತಕದಲ್ಲಿ ಪುಟಕ್ಕೆ ನಾಲ್ಕು ಸಲ ಇದೆ. ಮೊನ್ನೆಯಿಂದ ಸ್ಕ್ಯಾನ್ ಮಾಡುವಾಗ ಕಣ್ಣು ಅದರ ಮೇಲೇ ಹೋಗುತ್ತದೆ.

‘ನಿಧಾನ’ದ ಬಗ್ಗೆಯೂ ಒಂದು ಮಾತು. ಸಂಸ್ಕೃತದಲ್ಲಿ ಇದಕ್ಕೆ ಕೆಳಗೆ ಇಡುವುದು, ಕೂಡಿಡುವ ಜಾಗ ಅಂತ ಅರ್ಥ. ನಿಧಿ ಅನ್ನುವುದೂ ಅದೇ ಬಳ್ಳಿಯ ಪದ. ಕನ್ನಡಕ್ಕೆ ಬಂದು ಅದು ಅವಸರ ಇಲ್ಲದ ನಡೆ ಆಯಿತು. ನಮ್ಮಲ್ಲಿ ‘ನಿಧಾನಸ್ಥ’ ಅಂದರೆ ಹೊಗಳಿಕೆ. ಹಾಗಾಗಿ ಕೆಟ್ಟ ಲ್ಯಾಪ್‌ಟಾಪಿಗೆ ‘ನಿಧಾನವಾಗಿದೆ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ‘ತಡೀತದೆ’ ಅನ್ನುವುದೇ ಸರಿ ಅನಿಸುತ್ತದೆ.

ನಾನು ಕೇಳಬೇಕಾದ್ದು ಇಷ್ಟು. ಜಗಲಿ, ಉಗ್ರಾಣ ಅನ್ನುವ ಜೋಡಿ ಬಯಲುಸೀಮೆಯವರಿಗೆ, ಕರಾವಳಿಯವರಿಗೆ ಓದಿದ ಕೂಡಲೇ ತಿಳಿಯುತ್ತದಾ? ನಿಮ್ಮಲ್ಲಿ ಪಡಸಾಲೆ ಮತ್ತು ಕಣಜ, ಚಾವಡಿ ಮತ್ತು ಉಗ್ರಾಣ ಅಂದರೆ ಹೆಚ್ಚು ಸಹಜವಾ? ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ನೋಡಿದವರು ಹೇಳಿ, ಇಳಿದು ಕಾಳು ತೆಗೆಯಲು ಹೊತ್ತು ಹಿಡಿಯುವುದರಿಂದ ಹಳೆಯ ತಿರುಗುವ ಹಾರ್ಡ್ ಡಿಸ್ಕಿಗೆ ಆ ಹೆಸರು ಒಪ್ಪೀತೇ?

ಇನ್ನೊಂದು ಇದೆ. ಜಗಲಿ ತುಂಬಿದಾಗ ಒಳಗೆ ಸಾಗಿಸಿ ಮತ್ತೆ ಹೊರಗೆ ತರುವ ಕೆಲಸಕ್ಕೆ ಇಂಗ್ಲಿಷಿನವರು ‘ಸ್ವಾಪ್’ ಅನ್ನುತ್ತಾರೆ. ‘ಅದಲುಬದಲು’ ಅಂದರೆ ಎರಡು ವಸ್ತು ಜಾಗ ಬದಲಿಸಿದ ಹಾಗೆ ಕೇಳುತ್ತದೆ. ‘ಎತ್ತಂಗಡಿ’ ನನಗೆ ಇಷ್ಟ, ಆದರೆ ಅದರಲ್ಲಿ ವಾಪಸ್ ತರುವುದು ಬರುವುದಿಲ್ಲ. ತೀರ್ಥಹಳ್ಳಿಯ ಹುಡುಗನನ್ನು ಕೇಳಿದರೆ ‘ಒಳಗೆ-ಹೊರಗೆ ಆಡ್ತಿದೆ ಅಂತೀವಿ ಅಣ್ಣಾ’ ಅಂದ. ಕಂಪ್ಯೂಟರ್ ರಿಪೇರಿ ಮಾಡುವವರು ಬೇರೆ ಊರುಗಳಲ್ಲಿ ಇದಕ್ಕೆ ಏನನ್ನುತ್ತಾರೆ? ಕೇಳಿ ತಿಳಿದವರು ಊರಿನ ಹೆಸರಿನ ಜೊತೆ ಬರೆಯಿರಿ.