ಹಂಚಿನ ಮನೆಯಲ್ಲಿ ಮುಚ್ಚಳವಿಲ್ಲದ ಅಕ್ವೇರಿಯಂ: ದೀಪವನ್ನು ಎಲ್ಲಿಂದ ತೂಗುಹಾಕಬೇಕು?

ಪ್ರಶ್ನೆ (ಬದಿಯಡ್ಕದಿಂದ)

ನಮ್ಮದು ಹಂಚಿನ ಮಾಡಿನ ಹಳೆಯ ಮನೆ. ಚಾವಡಿಯ ಗೋಡೆಯ ಪಕ್ಕದಲ್ಲಿ 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ, ಮುಚ್ಚಳವಿಲ್ಲದ ಅಕ್ವೇರಿಯಂ ಇದೆ. ಮೀನುಗಳಿಗಿಂತ ಗಿಡಗಳೇ ಅದರಲ್ಲಿ ಹೆಚ್ಚು. ಎಲ್‌ಇಡಿ ದೀಪವು ಈಗ ಗಾಜಿನ ಅಂಚಿನ ಮೇಲೆ ಕಾಲೂರಿ ನಿಂತಿರುವುದರಿಂದ, ಗಿಡಗಳನ್ನು ಕತ್ತರಿಸಬೇಕಾದಾಗಲೆಲ್ಲ ಅದನ್ನು ಎತ್ತಿ ಬದಿಗಿಡಬೇಕಾಗುತ್ತದೆ. ಆದುದರಿಂದ ಮೇಲಿನಿಂದ ತೂಗುಹಾಕಬೇಕೆಂದು ಯೋಚಿಸಿದ್ದೇನೆ. ದೀಪದ ತೂಕ ಸುಮಾರು ನಾಲ್ಕು ಕಿಲೋ. ಚಾವಡಿಯ ಆ ಭಾಗಕ್ಕೆ ಮುಚ್ಚಿಗೆ ಇಲ್ಲ. ಹಂಚನ್ನು ಹೊರುವ ಇಳಿಜಾರು ಮರಗಳಾದ ಪಕ್ಕಾಸುಗಳು ನೇರವಾಗಿ ಕಾಣುತ್ತವೆ. ಪಕ್ಕಾಸಿಗೆ ಕೊಕ್ಕೆ ಹಾಕಬಹುದೇ, ಅಥವಾ ಹಿಂದಿನ ಕೆಂಪುಕಲ್ಲಿನ ಗೋಡೆಗೆ ಕಬ್ಬಿಣದ ತೋಳನ್ನು ಬಿಗಿಯುವುದು ಒಳ್ಳೆಯದೇ? ನೀರಿನಿಂದ ಎಷ್ಟು ಎತ್ತರದಲ್ಲಿ ದೀಪವಿರಬೇಕು?

ಉತ್ತರ (ಮಂಜೇಶ್ವರದಿಂದ)

ತೂಕದ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ಒಂದು ಮಂಗಳೂರು ಹಂಚೇ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ; ಅಂತಹ ಸಾಲುಸಾಲು ಹಂಚುಗಳನ್ನು ಹೊತ್ತ ಪಕ್ಕಾಸಿಗೆ ತಮ್ಮ ದೀಪ ಲೆಕ್ಕಕ್ಕಿಲ್ಲ. ಆದರೆ ಪಕ್ಕಾಸು ಇಳಿಜಾರಾಗಿರುವುದರಿಂದ, ಅದರ ಅಡಿಗೆ ತಿರುಪಿದ ಕೊಕ್ಕೆಯ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ಅಲ್ಲದೆ ಪಕ್ಕಾಸುಗಳ ನಡುವಿನ ಅಂತರ ದೀಪದ ಎರಡು ತುದಿಗಳಿಗೆ ಹೊಂದುವುದು ಅಪರೂಪ. ಎರಡು ಪಕ್ಕಾಸುಗಳಿಗೆ ಅಡ್ಡಲಾಗಿ ಒಂದು ಗಟ್ಟಿಮರದ ಪಟ್ಟಿಯನ್ನು ಬೋಲ್ಟಿನಿಂದ ಬಿಗಿದು, ಕೊಕ್ಕೆಗಳನ್ನು ಆ ಪಟ್ಟಿಗೆ ಹಾಕಿಸಿದರೆ ಎರಡೂ ತೊಂದರೆಗಳು ತಪ್ಪುತ್ತವೆ. ಅದಕ್ಕೆ ಮೊದಲು ಸ್ಕ್ರೂಡ್ರೈವರಿನ ಮೊನೆಯಿಂದ ಪಕ್ಕಾಸನ್ನು ಅಲ್ಲಲ್ಲಿ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಹೋದರೆ ಗೆದ್ದಲು ಹಿಡಿದಿದೆ ಅಥವಾ ಮರ ಕುಂಬಾಗಿದೆ ಎಂದರ್ಥ.

ಗೋಡೆಯ ತೋಳನ್ನು ನಾನು ಒಪ್ಪುವುದಿಲ್ಲ. ಕೆಂಪುಕಲ್ಲು ರಂಧ್ರಮಯವಾದದ್ದು, ಕಾಂಕ್ರೀಟಿಗೆಂದು ಮಾಡಿದ ಹಿಗ್ಗುವ ಬೋಲ್ಟನ್ನು ಅದರಲ್ಲಿ ಬಿಗಿದರೆ ಸುತ್ತಲಿನ ಕಲ್ಲು ಪುಡಿಯಾಗುವ ಸಂಭವವಿದೆ. ತೋಳು ಮುಂದಕ್ಕೆ ಚಾಚಿದಷ್ಟೂ ಮೇಲಿನ ಬೋಲ್ಟಿನ ಮೇಲಿನ ಎಳೆತ ಹೆಚ್ಚುತ್ತದೆ.

ಉತ್ತರ (ಕುಂಬಳೆಯಿಂದ)

ಪಕ್ಕಾಸು ಹೊರುತ್ತದೆ ಎಂಬುದು ನಿಜ, ಆದರೂ ನಾನಾದರೆ ಮಾಡಿನಿಂದ ತೂಗುಹಾಕುವುದಿಲ್ಲ. ಆಟಿಯ ಮಳೆಗೆ ಎಲ್ಲೋ ಒಂದು ಹಂಚು ಸೋರಿದರೆ, ಆ ನೀರು ಪಕ್ಕಾಸಿನ ಅಡಿಯಲ್ಲೇ ಹರಿದು, ಪಟ್ಟಿಗೆ ಬಂದು, ಉಕ್ಕಿನ ತಂತಿಯನ್ನು ಹಿಡಿದು ನೇರವಾಗಿ ದೀಪದ ಮೇಲೆ ಇಳಿಯುತ್ತದೆ. ನೀರಿಗೆ ಅದಕ್ಕಿಂತ ಸುಲಭವಾದ ದಾರಿ ಬೇರೊಂದಿಲ್ಲ. ಮಳೆಗಾಲಕ್ಕೆ ಮೊದಲು ಹಂಚು ತೆಗೆದು ಸರಿಪಡಿಸುವಾಗ ಕಸವೂ ಓಡುಚೂರುಗಳೂ ತೊಟ್ಟಿಗೆ ಬೀಳುವುದು ಬೇರೆ ಮಾತು. ಅದಕ್ಕೆ ಹೇಗೂ ಬಟ್ಟೆ ಮುಚ್ಚಲೇಬೇಕು.

ಅಕ್ವೇರಿಯಂ ನಿಂತಿರುವ ಸ್ಟ್ಯಾಂಡಿನ ಹಿಂಬದಿಗೆ ಎರಡು ಸ್ಟೀಲ್ ಪೈಪುಗಳನ್ನು ಬಿಗಿದು, ಮೇಲ್ತುದಿಯನ್ನು ತೊಟ್ಟಿಯ ಮೇಲಕ್ಕೆ ಬಾಗಿಸಿ, ಅವುಗಳಿಂದ ದೀಪವನ್ನು ಇಳಿಬಿಡಿ. ತುಂಬಿದ ತೊಟ್ಟಿಯ ಭಾರವೇ ಸ್ಟ್ಯಾಂಡನ್ನು ಅಲುಗದಂತೆ ಹಿಡಿದಿರುತ್ತದೆ. ಕಡಲಿನ ಗಾಳಿ ತಾಗುವ ಊರಾದರೆ ತಂತಿಗೂ ಕೊಕ್ಕೆಗೂ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯದ 316 ದರ್ಜೆಯ ಸ್ಟೀಲನ್ನೇ ಕೇಳಿ ತನ್ನಿ.

ಎತ್ತರದ ವಿಷಯದಲ್ಲಿ ಒಂದು ಸಣ್ಣ ಲೆಕ್ಕವಿದೆ. ದೀಪದ ಬೆಳಕು 120 ಡಿಗ್ರಿ ಕೋನದಲ್ಲಿ ಹರಡುವಂಥದ್ದಾದರೆ, ನೀರಿನಿಂದ 15 ಸೆಂಟಿಮೀಟರ್ ಎತ್ತರದಲ್ಲಿದ್ದಾಗ ಮೇಲ್ಮೈಯಲ್ಲಿ ಅದರ ಅಗಲ ಸುಮಾರು 52 ಸೆಂಟಿಮೀಟರ್. ತಮ್ಮ ತೊಟ್ಟಿಯ 45ಕ್ಕೆ ಅದು ಸಾಕು. 30 ಸೆಂಟಿಮೀಟರಿಗೆ ಏರಿಸಿದರೆ ಬೆಳಕು ಒಂದು ಮೀಟರಿಗಿಂತ ಹೆಚ್ಚು ಅಗಲಕ್ಕೆ ಹರಡಿ, ಬಹಳಷ್ಟು ಪಾಲು ಗೋಡೆಗೂ ನೆಲಕ್ಕೂ ವ್ಯರ್ಥವಾಗುತ್ತದೆ. ಎದುರಿನ ಕುರ್ಚಿಯಲ್ಲಿ ಕುಳಿತವರ ಕಣ್ಣಿಗೂ ಕುಕ್ಕುತ್ತದೆ. ಹೀಗಾಗಿ 15ರಿಂದ ಆರಂಭಿಸಿ, ಗಾಜಿನ ಮೇಲೆ ಪಾಚಿ ಹೆಚ್ಚುತ್ತಿದೆ ಎನಿಸಿದರೆ ಮಾತ್ರ ಸ್ವಲ್ಪ ಸ್ವಲ್ಪವೇ ಏರಿಸಿ. ಗಿಡ ಕತ್ತರಿಸುವಾಗ ಪೂರ್ತಿ ಮೇಲಕ್ಕೆ ಎಳೆಯುವಂತೆ, ಉದ್ದವನ್ನು ಬದಲಿಸಬಹುದಾದ ತಂತಿಯನ್ನೇ ಆರಿಸಿ.

ಪ್ರಶ್ನೆ ಕೇಳಿದವರು

ಸೋರುವ ನೀರು ತಂತಿ ಹಿಡಿದು ಇಳಿಯುವ ಸಾಧ್ಯತೆ ನನಗೆ ಹೊಳೆದಿರಲಿಲ್ಲ. ಸ್ಟ್ಯಾಂಡ್ ಮರದ್ದು, ಹಿಂಬದಿಯ ಕಾಲುಗಳು ದಪ್ಪವಾಗಿವೆ; ಪೈಪಿನ ದಾರಿಯನ್ನೇ ಹಿಡಿಯುತ್ತೇನೆ. ವಿದ್ಯುತ್ ಸಂಪರ್ಕದ ಬಗ್ಗೆ ಯಾರಾದರೂ ತಿಳಿಸಬಹುದೇ?

ಉತ್ತರ (ಪೆರ್ಲದಿಂದ)

ಮನೆಯ ಕರೆಂಟನ್ನು ಕಡಿಮೆ ವೋಲ್ಟೇಜಿಗೆ ಇಳಿಸಿ ದೀಪಕ್ಕೆ ಕೊಡುವ ಡ್ರೈವರ್ ಪೆಟ್ಟಿಗೆಯನ್ನು ತೊಟ್ಟಿಯ ಮೇಲೆ ಎಲ್ಲಿಯೂ ಇಡದೆ ಸ್ಟ್ಯಾಂಡಿನ ಬದಿಗೆ ಬಿಗಿಯಿರಿ. ನೀರಿನ ಮೇಲಿರುವ ಭಾಗಕ್ಕೆ ಕಡಿಮೆ ವೋಲ್ಟೇಜಿನ ವಯರು ಮಾತ್ರ ಹೋಗಲಿ. ಆ ವಯರನ್ನು ಪೈಪಿನ ಉದ್ದಕ್ಕೂ ಕಟ್ಟಿ, ದೀಪದ ಭಾರ ಅದರ ಮೇಲೆ ಬೀಳದಂತೆ ಸಡಿಲವಾಗಿ ಬಿಡಿ. ಪ್ಲಗ್ಗಿಗೆ ಹೋಗುವ ವಯರು ಸಾಕೆಟ್ಟಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಬೇಕು. ಆಗ ವಯರು ಹಿಡಿದು ಬಂದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಆ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು, ಅರ್ಥಿಂಗ್ ಸರಿಯಾಗಿರಬೇಕು. ಹಳೆಯ ಮನೆಗಳಲ್ಲಿ ಎಂಸಿಬಿ (ಕರೆಂಟು ಮಿತಿಮೀರಿ ಹರಿದಾಗ ಸಂಪರ್ಕ ಕಡಿಯುವ ಸ್ವಿಚ್) ಇದೆಯೆಂದು ನೆಮ್ಮದಿಯಿಂದ ಇರುವವರೇ ಹೆಚ್ಚು. ಅದು ವಯರು ಸುಡದಂತೆ ಕಾಯುತ್ತದೆಯೇ ಹೊರತು, ತೊಟ್ಟಿಯೊಳಗೆ ಕೈಯಿಟ್ಟವರನ್ನು ಕಾಯುವುದಿಲ್ಲ.

ಇನ್ನೊಂದು ವಿಷಯ: ಮುಚ್ಚಿಗೆಯಿಲ್ಲದ ಚಾವಡಿಯಲ್ಲಿ, ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲುಗಳು ದೀಪಕ್ಕೆ ಮುತ್ತಿ ರಾಶಿರಾಶಿಯಾಗಿ ನೀರಿಗೆ ಬೀಳುತ್ತವೆ. ಮೀನುಗಳು ತಿನ್ನುವಷ್ಟು ತಿಂದು, ಉಳಿದವು ಕೊಳೆತು ನೀರು ಕೆಡುತ್ತದೆ. ಗಿಡಗಳಿಗೆ ಏಳೆಂಟು ಗಂಟೆಯ ಬೆಳಕು ಸಾಕಾಗುವುದರಿಂದ, ಬೆಳಿಗ್ಗೆ ಹತ್ತಕ್ಕೆ ಹತ್ತಿ ಸಂಜೆ ಐದೂವರೆಗೆ ಆರುವಂತೆ ಟೈಮರ್ ಹಾಕಿ.