ಅಪ್ಪನಿಗೆ ಕಣ್ಣು 6/6, ಆದರೆ ಸ್ಕ್ಯಾನ್‌ನಲ್ಲಿ ಊತ ಅಂತೆ. ಇಂಜೆಕ್ಷನ್ ಕೊಡಿಸಲೇಬೇಕಾ?

ತುಂಗೆಯ_ದಂಡೆ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ, ಶುಗರ್ ಶುರುವಾಗಿ 14 ವರ್ಷ ಆಯಿತು. ಹೋದ ತಿಂಗಳು ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ಕಣ್ಣಿನ ಕ್ಯಾಂಪ್ ಇತ್ತು, ಸುಮ್ನೆ ಹೋಗಿ ಬರೋಣ ಅಂತ ಕರೆದುಕೊಂಡು ಹೋದೆ. ಗಲ್ಲ ಊರಿಸಿ ಕೂರಿಸಿದರು, ಪಟ್ ಅಂತ ಬೆಳಕು ಬಿಟ್ಟು ಎರಡೂ ಕಣ್ಣಿನ ಒಳಗಿನ ಫೋಟೋ ತೆಗೆದರು, ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನಿಂದ 'ರೆಫರ್' ಅಂತ ಚೀಟಿ ಬಂತು. ಅಪ್ಪನಿಗೆ ನಗು. ಬೋರ್ಡಿನ ಕೊನೇ ಸಾಲು ಓದುತ್ತಾರೆ, ರಾತ್ರಿ ಸ್ಕೂಟರ್ ಓಡಿಸುತ್ತಾರೆ.

ಚೀಟಿ ಹಿಡಿದು ಒಂದು ಖಾಸಗಿ ಆಸ್ಪತ್ರೆಗೆ ಹೋದೆವು (ಹೆಸರು ಬೇಡ). ಓಸಿಟಿ ಸ್ಕ್ಯಾನ್ ಮಾಡಿ, ಬಲಗಣ್ಣಿನ ನಡುವೆ ಊತ ಇದೆ, 342 ಬಂದಿದೆ, ಮೂರು ಇಂಜೆಕ್ಷನ್ ಪ್ಯಾಕೇಜು, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಕಡಿಮೆ ಮಾಡಿಕೊಡುತ್ತೇವೆ ಅಂದರು. ಸೀರೆ ಅಂಗಡಿಯ ಹಾಗೆ! ನಾವು ಕಟ್ಟದೆ ಬಂದೆವು. ಚೆನ್ನಾಗಿ ಕಾಣುವ ಕಣ್ಣಿಗೆ ಇಂಜೆಕ್ಷನ್ ಯಾಕೆ? ಈ ಓಸಿಟಿ ಅನ್ನೋದೇ ದುಡ್ಡು ಮಾಡುವ ದಾರಿಯಾ?

ಕನ್ನಡಕದಂಗಡಿ:
ನಾನು ಆಪ್ಟೊಮೆಟ್ರಿಸ್ಟ್, ಡಾಕ್ಟರ್ ಅಲ್ಲ. ನಿಮ್ಮ ಅನುಮಾನ ಅರ್ಧ ಸರಿ, ಅರ್ಧ ತಪ್ಪು.

ಕ್ಯಾಂಪಿನ ಫೋಟೋ ರೆಟಿನಾವನ್ನು, ಅಂದರೆ ಕಣ್ಣಿನ ಹಿಂದಿನ ಪರದೆಯನ್ನು, ಎದುರಿನಿಂದ ತೆಗೆದದ್ದು. ರಕ್ತದ ಚುಕ್ಕೆ, ಹಳದಿ ಕಲೆ ಅದರಲ್ಲಿ ಗೊತ್ತಾಗುತ್ತದೆ, ಊತ ಮಾತ್ರ ನೇರವಾಗಿ ಗೊತ್ತಾಗಲ್ಲ. ತಟ್ಟೆಯಲ್ಲಿರುವ ಚಿರೋಟಿಯನ್ನು ಮೇಲಿಂದ ನೋಡಿದರೆ ಒಳಗೆ ಎಷ್ಟು ಹಾಲು ಇಳಿದಿದೆ ಅಂತ ಹೇಳೋಕಾಗುತ್ತಾ? ಅಡ್ಡಲಾಗಿ ಕತ್ತರಿಸಿದರೆ ಪದರ ಪದರವಾಗಿ ಕಾಣುತ್ತದೆ. ಓಸಿಟಿ ಮಾಡೋದು ಅದೇ ಕೆಲಸ, ಕತ್ತರಿ ಇಲ್ಲದೆ, ಬರೀ ಬೆಳಕಿನಲ್ಲಿ. ಎಕ್ಸ್‌ರೇ ಇಲ್ಲ, ನೋವಿಲ್ಲ. 1991ರಲ್ಲಿ ಅಮೆರಿಕದ ಎಂಐಟಿಯವರು ಮೊದಲು ತೋರಿಸಿದ ತಂತ್ರ ಇದು, ಈಗ ರೆಟಿನಾ ಡಾಕ್ಟರಿಗೆ ಇದಿಲ್ಲದೆ ದಿನ ಸಾಗಲ್ಲ.

342 ಅಂದರೆ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ), ರೆಟಿನಾದ ನಟ್ಟನಡುವಿನ ದಪ್ಪ. ಸಾಮಾನ್ಯವಾಗಿ 250ರಿಂದ 280ರ ಆಸುಪಾಸು ಇರುತ್ತದೆ, ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಊತ ಇರೋದು ನಿಜವೇ ಇರಬೇಕು. ಸಕ್ಕರೆ ಕಾಯಿಲೆಯಲ್ಲಿ ಸಣ್ಣ ರಕ್ತನಾಳಗಳು ಸೋರುತ್ತವೆ, ಸೋರಿದ ನೀರು ಪದರಗಳ ನಡುವೆ ನಿಲ್ಲುತ್ತದೆ. ಶುರುವಿನಲ್ಲಿ ದೃಷ್ಟಿ ಏನೂ ಕಡಿಮೆ ಆಗದೆ ಇರಬಹುದು. ಬೋರ್ಡ್ ಓದಿದರು ಅಂದ ಮಾತ್ರಕ್ಕೆ ಒಳಗೆ ಎಲ್ಲ ಸರಿ ಇದೆ ಅಂತಲ್ಲ.

ಈಗ ಇಂಜೆಕ್ಷನ್ ವಿಷಯ. ನಿಮ್ಮಪ್ಪನಂಥವರ ಮೇಲೇ, ಅಂದರೆ ನಡುವೆ ಊತ ಇದ್ದೂ ದೃಷ್ಟಿ ಚೆನ್ನಾಗಿರುವವರ ಮೇಲೆ, ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 700 ಜನರ ಅಧ್ಯಯನ ಆಗಿದೆ, 2019ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮೊದಲೇ ಇಂಜೆಕ್ಷನ್, ಕೆಲವರಿಗೆ ಲೇಸರ್, ಇನ್ನು ಕೆಲವರಿಗೆ ಏನೂ ಇಲ್ಲ, ನೋಡುತ್ತಾ ಇರೋದು, ದೃಷ್ಟಿ ಇಳಿದರೆ ಮಾತ್ರ ಇಂಜೆಕ್ಷನ್. ಎರಡು ವರ್ಷದ ನಂತರ ಮೂರೂ ಗುಂಪಿನ ದೃಷ್ಟಿ ಹೆಚ್ಚುಕಮ್ಮಿ ಒಂದೇ. ಕಾದವರಲ್ಲಿ ಮೂರನೇ ಒಂದು ಭಾಗದವರಿಗೆ ಮಾತ್ರ ಇಂಜೆಕ್ಷನ್ ಬೇಕಾಯಿತು. ಆದರೆ ಕಾಯೋದು ಅಂದರೆ ಮನೆಯಲ್ಲಿ ಕೂರೋದಲ್ಲ, ಹೇಳಿದ ದಿನಕ್ಕೆ ಹೋಗಿ ದೃಷ್ಟಿ ಮತ್ತು ಓಸಿಟಿ ನೋಡಿಸಬೇಕು. ನೀವು ಬೈಯುತ್ತಿರುವ ಸ್ಕ್ಯಾನೇ ನಿಮ್ಮ ಇಂಜೆಕ್ಷನ್ ಉಳಿಸಬಹುದು. ಬೇರೆ ರೆಟಿನಾ ಡಾಕ್ಟರಿಗೆ ತೋರಿಸಿ, ಹೋಗುವಾಗ ಬರೀ ರಿಪೋರ್ಟ್ ಅಲ್ಲ, ಸ್ಕ್ಯಾನಿನ ಚಿತ್ರ ಇರುವ ಪ್ರಿಂಟ್ ಕೇಳಿ ತಗೊಳ್ಳಿ.

ಹುಬ್ಬಳ್ಳಿ_ಅಕ್ಕ:
ನಮ್ಮ ಅಮ್ಮನ ಕಥೆ ಉಲ್ಟಾ. 'ಪೊರೆ ಇರಬೇಕು, ವಯಸ್ಸಾಯಿತಲ್ಲ' ಅಂತ ನಾವೇ ಎರಡು ವರ್ಷ ತಳ್ಳಿದೆವು. ಕೊನೆಗೆ ನೋಡಿಸಿದಾಗ ದೃಷ್ಟಿ 6/36, ಊತ ಐನೂರರ ಮೇಲೆ. ಏಳು ಇಂಜೆಕ್ಷನ್ ಆಯಿತು. ಊತ ಇಳಿಯಿತು, ದೃಷ್ಟಿ ಪೂರ್ತಿ ಬರಲಿಲ್ಲ, ಅಕ್ಕಿ ಆರಿಸೋಕೆ ಈಗಲೂ ನನ್ನನ್ನೇ ಕರೆಯುತ್ತಾರೆ. ಇಂಜೆಕ್ಷನ್ನಿಗೆ ಹೆದರಬೇಡಿ, ಮರಗಟ್ಟುವ ಡ್ರಾಪ್ಸ್ ಹಾಕಿ ಕೊಡುತ್ತಾರೆ. ಮತ್ತೆ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದ ದಿನ ಅಪ್ಪನ ಕೈಗೆ ಸ್ಕೂಟರ್ ಕೀ ಕೊಡಬೇಡಿ.

ಬೈಟುಕಾಫಿ:
ಎರಡು ನಿಮಿಷದಲ್ಲಿ ಕಂಪ್ಯೂಟರ್ ಹೇಳಿದ್ದನ್ನು ನಂಬಿ ಆಸ್ಪತ್ರೆಗೆ ಓಡೋದಾ? ಅದಕ್ಕೇನು ಗೊತ್ತು.

ಕನ್ನಡಕದಂಗಡಿ:
ಅದು ರೋಗ ಇದೆ ಅಂತ ತೀರ್ಪು ಕೊಟ್ಟಿಲ್ಲ, ಡಾಕ್ಟರಿಗೆ ತೋರಿಸಿ ಅಂದಿದೆ ಅಷ್ಟೇ. ಪೊರೆಯಿಂದ ಫೋಟೋ ಮಸುಕಾದರೂ 'ರೆಫರ್' ಬರುತ್ತದೆ. ಅಮೆರಿಕದಲ್ಲಿ 2018ರಲ್ಲೇ ಫೋಟೋ ನೋಡಿ ಹೇಳುವ ಇಂಥ ಕಂಪ್ಯೂಟರ್ ವ್ಯವಸ್ಥೆಗೆ ಸರ್ಕಾರಿ ಅನುಮತಿ ಸಿಕ್ಕಿದೆ. ಗೂಗಲ್‌ನವರು 2016ರಲ್ಲಿ ಇದೇ ಬಗೆಯ ಕಂಪ್ಯೂಟರ್ ತಪಾಸಣೆ ಬಗ್ಗೆ ಪ್ರಕಟಿಸಿದ ಕೆಲಸದಲ್ಲಿ ಮಧುರೈನ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯದ ಫೋಟೋಗಳೂ ಇದ್ದವು.

ಎರಡುಜಡೆ:
ಫೋಟೋ ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನನ್ನ ಮಗಳು 30 ವಾರಕ್ಕೇ ಹುಟ್ಟಿದವಳು, 1.3 ಕೆಜಿ. ಹುಟ್ಟಿ ತಿಂಗಳು ತುಂಬುವ ಮೊದಲೇ ಟೆಕ್ನಿಷಿಯನ್ ಕ್ಯಾಮೆರಾ ಹಿಡಿದು ನಮ್ಮ ಜಿಲ್ಲೆಯ ಎನ್‌ಐಸಿಯುಗೇ (ಹಸುಗೂಸುಗಳ ಐಸಿಯು) ಬಂದು ಕಣ್ಣಿನ ಫೋಟೋ ತೆಗೆದರು, ಅದನ್ನು ನೋಡಿದ ಡಾಕ್ಟರ್ ಇದ್ದದ್ದು ಬೆಂಗಳೂರಿನಲ್ಲಿ. ಕಿಡ್‌ರಾಪ್ ಅಂತ, ನಾರಾಯಣ ನೇತ್ರಾಲಯದವರು 2008ರಲ್ಲಿ ಶುರು ಮಾಡಿದ್ದು. ಬೇಗ ಹುಟ್ಟಿದ ಮಕ್ಕಳ ರೆಟಿನಾದಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕಣ್ಣೇ ಹೋಗಬಹುದಂತೆ. ಅವಳಿಗೆ ಲೇಸರ್ ಬೇಕಾಯಿತು, ಬೇಗ ಆಯಿತು. ಅಷ್ಟು ಸಣ್ಣ ಕೂಸು ಕಾಣಲ್ಲ ಅಂತ ಹೇಳುತ್ತದಾ? ವಿಷಯಕ್ಕೆ ಸಂಬಂಧ ಇಲ್ಲ ಅನ್ನಿಸಿದರೆ ಕ್ಷಮಿಸಿ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗು ಯಾರ ಮನೆಯಲ್ಲಿದ್ದರೂ ತಿಂಗಳೊಳಗೆ ಕಣ್ಣು ತೋರಿಸಿ.

ತುಂಗೆಯ_ದಂಡೆ:
ಬೇರೆ ಡಾಕ್ಟರಿಗೆ ತೋರಿಸಿ ಬಂದೆವು. ಊತ ಇರೋದು ನಿಜವಂತೆ, ಇಂಜೆಕ್ಷನ್ ಸದ್ಯಕ್ಕೆ ಬೇಡವಂತೆ, ಎಂಟು ವಾರ ಬಿಟ್ಟು ಬರೋಕೆ ಹೇಳಿದ್ದಾರೆ. ಮೂರು ತಿಂಗಳ ಶುಗರ್ 9.4 ಇತ್ತು, ಬೈಸಿಕೊಂಡಿದ್ದು ಅದಕ್ಕೇ. ಬಿಪಿ ಮಾತ್ರೆಯೂ ಬದಲಾಯಿತು. ಇಲ್ಲಿನ ಯಂತ್ರದಲ್ಲಿ 331 ಬಂತು, ಅಂದರೆ ಕಡಿಮೆ ಆಯಿತು ಅಂತ ಅರ್ಥವಾ?

ಕನ್ನಡಕದಂಗಡಿ:
ಅಲ್ಲ. ಯಂತ್ರ ಬೇರೆ, ಲೆಕ್ಕ ಬೇರೆ. ಮುಂದಿನ ಸಲವೂ ಇದೇ ಯಂತ್ರದಲ್ಲೇ ಮಾಡಿಸಿ, ಆಗ ಹೋಲಿಸಬಹುದು.