ತರಂಗಂಬಾಡಿಯ ಕೋಟೆ ಮತ್ತು ಡೆನ್ಮಾರ್ಕಿನ ನಾಲ್ಕನೆಯ ಕ್ರಿಶ್ಚಿಯನ್

ಪ್ರಶ್ನೆ (ಕೋಲಾರದಿಂದ):
ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ತರಂಗಂಬಾಡಿಗೆ ಹೋಗಿ ಕಡಲ ದಂಡೆಯ ಡಾನ್ಸ್‌ಬೋರ್ಗ್ ಕೋಟೆಯನ್ನು ನೋಡಿ ಬಂದೆವು. ತಂಜಾವೂರಿನ ರಘುನಾಥ ನಾಯಕನು 1620ರಲ್ಲಿ ಆ ಜಾಗವನ್ನು ಡೆನ್ಮಾರ್ಕಿನವರಿಗೆ ಬಿಟ್ಟುಕೊಟ್ಟನಂತೆ. ಅವರನ್ನು ಕಳುಹಿಸಿದ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಯುದ್ಧಗಳಲ್ಲೆಲ್ಲ ಸೋತವನೆಂದು ಓದಿದ್ದೇನೆ. ಹಾಗಿದ್ದರೂ ಆ ದೇಶದವರು ಅವನನ್ನು ಇಷ್ಟು ಅಭಿಮಾನದಿಂದ ನೆನೆಯುವುದೇಕೆ? ಬಲ್ಲವರು ತಿಳಿಸಬೇಕು.

ಉತ್ತರ (ತುಮಕೂರಿನಿಂದ):
ಎಲ್ಲ ಯುದ್ಧಗಳಲ್ಲೂ ಸೋತನೆನ್ನುವುದು ಸರಿಯಲ್ಲ ಸರ್. 1611ರಿಂದ 1613ರವರೆಗೆ ಸ್ವೀಡನ್ನಿನೊಡನೆ ನಡೆದ ಕಾಲ್ಮಾರ್ ಯುದ್ಧದಲ್ಲಿ ಗೆದ್ದು, ಎಲ್ವ್ಸ್‌ಬೋರ್ಗ್ ಕೋಟೆಯನ್ನು ಮರಳಿಸಲು 10 ಲಕ್ಷ ರಿಕ್ಸ್‌ಡಾಲರ್ ವಸೂಲು ಮಾಡಿದ್ದನು. 1588ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲವಾದ್ದರಿಂದ, 1596ರಲ್ಲಿ ಪಟ್ಟಾಭಿಷೇಕವಾಗುವವರೆಗೆ ಶ್ರೀಮಂತರ ಮಂಡಳಿಯೇ ಆಡಳಿತ ನಡೆಸಿತು. ಆದರೆ ಹೆಲ್ಸಿಂಗೋರಿನ ಜಲಸಂಧಿಯನ್ನು ದಾಟುವ ಹಡಗುಗಳ ಸುಂಕವು ನೇರವಾಗಿ ದೊರೆಯ ಬೊಕ್ಕಸಕ್ಕೇ ಬರುತ್ತಿದ್ದುದರಿಂದ, ಮುಂದೆ ಅವನು ಆ ಮಂಡಳಿಯ ಮಾತಿಗೆ ಕಟ್ಟುಬೀಳಬೇಕಾಗಿರಲಿಲ್ಲ. ಮಂಡಳಿಯು ಬೇಡವೆಂದರೂ 1625ರಲ್ಲಿ ಜರ್ಮನಿಯ ಮೂವತ್ತು ವರ್ಷಗಳ ಯುದ್ಧಕ್ಕೆ ಇಳಿದು, ಮರುವರ್ಷವೇ ಲುಟ್ಟರ್‌ನಲ್ಲಿ ಕ್ಯಾಥೊಲಿಕ್ ಪಕ್ಷದ ಸೇನಾಪತಿ ಟಿಲ್ಲಿಯ ಸೇನೆಯೆದುರು ಸೋತನು. 1629ರ ಲ್ಯೂಬೆಕ್ ಒಪ್ಪಂದದಲ್ಲಿ ನೆಲ ಕಳೆದುಕೊಳ್ಳದೆ ಪಾರಾದದ್ದು ಅದೃಷ್ಟವೆಂದೇ ನನ್ನ ಎಣಿಕೆ. 1644ರ ಕಡಲಕಾಳಗದಲ್ಲಿ, ಅರುವತ್ತೇಳರ ವಯಸ್ಸಿನಲ್ಲಿ, ಗಾಯಗೊಂಡು ಒಂದು ಕಣ್ಣು ಹೋದರೂ ಹಡಗಿನ ಅಟ್ಟದಿಂದ ಕದಲಲಿಲ್ಲ. ಜನರು ನೆನಪಿಟ್ಟುಕೊಂಡದ್ದು ಆ ದೊರೆಯನ್ನು. ಮರುವರ್ಷ ಗೊಟ್ಲೆಂಡ್ ದ್ವೀಪವನ್ನೂ ಯೆಮ್ಟ್‌ಲೆಂಡನ್ನೂ ಸ್ವೀಡನ್ನಿಗೆ ಒಪ್ಪಿಸಿದವನನ್ನಲ್ಲ.

ಉತ್ತರ (ಕೆಜಿಎಫ್‌ನಿಂದ):
ಗಣಿಯ ಊರಿನವನಾದ ನನಗೆ ಅವನು ಕಟ್ಟಿಸಿದ ಊರುಗಳೇ ಮುಖ್ಯವಾಗಿ ಕಾಣುತ್ತವೆ. ನಾರ್ವೆಯೂ ಅವನ ಆಳ್ವಿಕೆಗೇ ಸೇರಿತ್ತು. ಅಲ್ಲಿ 1623ರಲ್ಲಿ ಬೆಳ್ಳಿಯ ಅದಿರು ಸಿಕ್ಕಿದೊಡನೆ ಜರ್ಮನ್ ಗಣಿಗಾರರನ್ನು ಕರೆಸಿ, ಮರುವರ್ಷ ಕೊಂಗ್ಸ್‌ಬರ್ಗ್ ಎಂಬ ಪಟ್ಟಣವನ್ನು ಕಟ್ಟಿಸಿದನು. ಅದೇ 1624ರಲ್ಲಿ ಸುಟ್ಟುಹೋದ ಓಸ್ಲೋ ನಗರವನ್ನು ಕೋಟೆಯ ಪಕ್ಕಕ್ಕೆ ಸರಿಸಿ, ಕ್ರಿಸ್ಟಿಯಾನಿಯಾ ಎಂದು ತನ್ನ ಹೆಸರನ್ನೇ ಇಟ್ಟನು. ಕೋಪನ್‌ಹೇಗನ್ನಿನ ದುಂಡು ಗೋಪುರವೂ ಅವನು ಕಟ್ಟಿಸಿದ್ದೇ.

ಮರುಪ್ರಶ್ನೆ (ಕೋಲಾರದಿಂದ):
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ತರಂಗಂಬಾಡಿಯಿಂದ ಅವನಿಗೆ ಲಾಭವೇನಾದರೂ ಬಂದಿತೇ?

ಉತ್ತರ (ತುಮಕೂರಿನಿಂದ):
ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಅಲ್ಲಿ ವ್ಯಾಪಾರ ನಡೆಸಲು 1616ರಲ್ಲಿ ಹುಟ್ಟಿದ ಡೆನ್ಮಾರ್ಕಿನ ಈಸ್ಟ್ ಇಂಡಿಯಾ ಕಂಪನಿಯನ್ನು ಅವನ ಮಗನು 1650ರಲ್ಲಿ ಮುಚ್ಚಿಸಿದನು; ಕೋಟೆ ಮಾತ್ರ 1845ರಲ್ಲಿ ಇಂಗ್ಲಿಷರಿಗೆ ಮಾರಾಟವಾಗುವವರೆಗೆ ಡೆನ್ಮಾರ್ಕಿನವರ ಕೈಯಲ್ಲೇ ಉಳಿಯಿತು. ಸುಂಕ, ಬೆಳ್ಳಿ ಎರಡೂ ಇದ್ದ ಆ ದೊರೆಯು 1648ರಲ್ಲಿ ಕಣ್ಮುಚ್ಚಿದಾಗ ಅವನ ಕಿರೀಟವೇ ಸಾಲಕ್ಕೆ ಒತ್ತೆಯಲ್ಲಿತ್ತು.